ಮೆಟ್ರೊ ಬಂದರೆ ಸಾಲದು

ಬೆಂಗಳೂರಿನಲ್ಲಿ ಮೆಟ್ರೊ ಸಂಚಾರ ಆರಂಭವಾದದ್ದು 2011ರಲ್ಲಿ. ಅದು 2023ರಲ್ಲಿ ವೈಟ್‌ಫೀಲ್ಡ್ ತಲುಪಿತು; 2025ರಲ್ಲಿ ಬೊಮ್ಮಸಂದ್ರಕ್ಕೂ ಹೋಯಿತು. ಆದರೆ ಹಳಿಗಳು ಬೆಳೆದಂತೆ ಅವುಗಳ ಸುತ್ತಲಿನ ಊರಿನ ಕುರಿತ ಚಿಂತನೆ ಬೆಳೆದಿಲ್ಲ. ನಿಲ್ದಾಣದಲ್ಲಿ ಇಳಿದವರು ಮತ್ತೆ ಆಟೊ ಹುಡುಕುವಂತಾದರೆ ಇಷ್ಟು ದೊಡ್ಡ ಹೂಡಿಕೆಯ ಫಲ ಅರ್ಧಕ್ಕೇ ನಿಂತಂತೆ.

ನಡೆದು ತಲುಪಬಹುದಾದ ದೂರದಲ್ಲಿ ಮನೆ, ಅಂಗಡಿ, ಕಚೇರಿ, ಶಾಲೆಗಳು ಒಟ್ಟಾಗಿರಬೇಕೆಂಬುದು ನಮಗೆ ಹೊಸತಲ್ಲ. ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಸಹಜ ವ್ಯವಸ್ಥೆಯಾಗಿತ್ತು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮಾರುಕಟ್ಟೆ, ಉದ್ಯಾನ, ಗುಡಿ, ಶಾಲೆಗಳೆಲ್ಲ ಕಾಲ್ನಡಿಗೆಯ ಅಳತೆಯಲ್ಲಿವೆ. ಈ ವಿವೇಕವನ್ನು ಕೈಬಿಟ್ಟು ಮೊದಲು ನಿವೇಶನ, ಆಮೇಲೆ ನೀರು, ಚರಂಡಿ, ಬಸ್ಸು ಎಂಬ ಕ್ರಮಕ್ಕೆ ನಾವು ಒಗ್ಗಿಹೋದೆವು. ನಿವೇಶನ ಪಡೆದ ಮೇಲೂ ಮೂಲಸೌಕರ್ಯಕ್ಕಾಗಿ ವರ್ಷಗಟ್ಟಲೆ ಕಾದ ಕೆಂಪೇಗೌಡ ಬಡಾವಣೆಯೇ ಇದಕ್ಕೆ ನಿದರ್ಶನ.

ಮಿಶ್ರ ಬಳಕೆ ಎಂದೊಡನೆ ಹಳೆಯ ಬಡಾವಣೆಗಳ ನಿವಾಸಿಗಳು ಹುಬ್ಬೇರಿಸುತ್ತಾರೆ. ಅವರ ಆತಂಕ ನಿರಾಧಾರವಲ್ಲ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ ವಸತಿ ಪ್ರದೇಶಗಳಲ್ಲಿ ವಾಣಿಜ್ಯಕ್ಕೆ ಬಾಗಿಲು ತೆರೆಯಿತು. ಇಂದಿರಾನಗರ, ಕೋರಮಂಗಲಗಳಲ್ಲಿ ಬಂದದ್ದು ದಿನಸಿ ಅಂಗಡಿ, ದವಾಖಾನೆಗಳಷ್ಟೇ ಅಲ್ಲ. ಪಬ್ಬುಗಳು ಮತ್ತು ವಾಹನಗಳ ಸಾಲು ಕೂಡ. ದೋಷವಿದ್ದದ್ದು ಮಿಶ್ರಣದಲ್ಲಲ್ಲ, ಯಾವುದು ಎಲ್ಲಿ, ಎಷ್ಟು ಎಂಬುದನ್ನು ಮಾರುಕಟ್ಟೆಗೆ ಬಿಟ್ಟದ್ದರಲ್ಲಿ.

ಆದ್ದರಿಂದ ನಿಲ್ದಾಣಗಳ ಸುತ್ತ ಹೆಚ್ಚುವರಿ ಮಹಡಿಗಳಿಗೆ ಅನುಮತಿ ನೀಡುವ ಮುನ್ನ ಕೆಲವು ಷರತ್ತುಗಳು ಅಗತ್ಯ. ಸುಮಾರು ನೂರು ಕಿಲೊಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ನಗರದಲ್ಲಿ ನೀರು ಮತ್ತು ಒಳಚರಂಡಿಯ ಸಾಮರ್ಥ್ಯವೇ ಕಟ್ಟಡದ ಎತ್ತರವನ್ನು ನಿರ್ಧರಿಸಬೇಕು. ಅಗಲವಾದ ಪಾದಚಾರಿ ಮಾರ್ಗ ಮೊದಲು ಬರಬೇಕು. ಹೊಸ ಮನೆಗಳಲ್ಲಿ ಒಂದು ಪಾಲು ಅದೇ ಪ್ರದೇಶದಲ್ಲಿ ದುಡಿಯುವ ಕಡಿಮೆ ಆದಾಯದವರಿಗೆ ಮೀಸಲಾಗಬೇಕು. ಇಲ್ಲವಾದರೆ ಏರುವ ಭೂಮಿಯ ಬೆಲೆ, ಮೆಟ್ರೊ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಊರಾಚೆಗೆ ತಳ್ಳುತ್ತದೆ.

2031ರವರೆಗಿನ ಮಹಾಯೋಜನೆಯ ಕರಡು 2017ರಲ್ಲಿ ಪ್ರಕಟವಾದರೂ ಜಾರಿಗೆ ಬರಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ರಚನೆಯಾಗಿವೆ. ಯೋಜನೆಯನ್ನು ಮೇಲಿನಿಂದ ಇಳಿಸದೆ ವಾರ್ಡಿನ ಜನರ ಮುಂದಿಟ್ಟು ಚರ್ಚಿಸಿದರಷ್ಟೇ ಈ ಹೊಸ ವ್ಯವಸ್ಥೆಗೆ ಅರ್ಥ. ಒತ್ತಾಗಿ ಬದುಕಿ ಎಂದು ನಾಗರಿಕರನ್ನು ಕೇಳುವ ಸರ್ಕಾರ, ಆ ಬದುಕು ಸಹ್ಯವಾಗಿರುತ್ತದೆಂಬ ಭರವಸೆಯನ್ನು ಮೊದಲು ನೀಡಲಿ.