ಬಿಗಿಯಾದುದೆಲ್ಲ ಭದ್ರವಲ್ಲ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಸೀಮೆಯ ಹಳೆಯ ಜೀಪುಗಳಿಗೆ ಬಿಡುವಿರುವುದಿಲ್ಲ. ಇಳಕಲ್ಲು, ಹುನಗುಂದದ ಕಡೆಯಿಂದ ಮನೆಮಂದಿಯನ್ನೆಲ್ಲ ತುಂಬಿಕೊಂಡು ಅವು ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುತ್ತವೆ. ಹೊರಡುವ ಮುನ್ನ ಎಂಜಿನ್ನಿನ ಎಣ್ಣೆಯನ್ನೂ ಟೈರಿನ ಗಾಳಿಯನ್ನೂ ನೋಡುವವರುಂಟು. ಮುಂದಿನ ಗಾಲಿಗಳ ಬೇರಿಂಗನ್ನು ನೋಡಿಸುವವರು ವಿರಳ. ನೋಡಿಸಿದವರಲ್ಲಿಯೂ ಕೆಲವರು, "ಗಟ್ಟಿಯಾಗಿ ಬಿಗಿ ಮಾಡು" ಎಂದು ಹೇಳಿ ಕೆಡಿಸಿಬಿಡುತ್ತಾರೆ. ಆ ಕೆಲವರಲ್ಲಿ ನಾನೂ ಒಬ್ಬ. ಆದುದರಿಂದ ಇದನ್ನು ಉಪದೇಶವೆಂದು ಓದಬೇಡಿ, ತಪ್ಪೊಪ್ಪಿಗೆಯೆಂದೇ ಓದಿರಿ.

ಮೊದಲು ವಿಷಯ ತಿಳಿಸುತ್ತೇನೆ. ನಮ್ಮ ದೇಶದಲ್ಲಿ ಮಹೀಂದ್ರಾದವರು 1947ರಿಂದ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಲ್ಲಿಯೂ, ಅದರ ವಂಶದ ನಾಲ್ಕು ಗಾಲಿಗೂ ಎಳೆತವಿರುವ ಹಳೆಯ ಗಾಡಿಗಳಲ್ಲಿಯೂ ಮುಂದಿನ ಪ್ರತಿ ಗಾಲಿಯ ಗುಂಬದೊಳಗೆ ಎರಡು ಬೇರಿಂಗುಗಳು ಎದುರುಬದುರಾಗಿ ಕುಳಿತಿರುತ್ತವೆ. ಅವುಗಳ ರೋಲರುಗಳು ಓರೆಯಾಗಿ, ಒಂದು ತುದಿಗೆ ಸಣ್ಣದಾಗಿರುತ್ತವೆ. ಈ ಬಗೆಯ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹೆನ್ರಿ ಟಿಮ್‌ಕೆನ್ ಮೂಲತಃ ಕುದುರೆಗಾಡಿ ಕಟ್ಟುವವನು. ಗಾಡಿ ತಿರುವಿನಲ್ಲಿ ತಿರುಗುವಾಗ ಗಾಲಿಯ ಮೇಲೆ ಮೇಲಿನ ಭಾರವಷ್ಟೇ ಅಲ್ಲ, ಪಕ್ಕದ ಒತ್ತಡವೂ ಬೀಳುತ್ತದೆ. ಓರೆಯ ರೋಲರು ಎರಡನ್ನೂ ತಾಳುತ್ತದೆ. ಎತ್ತಿನ ಬಂಡಿಯ ಅಚ್ಚು, ಕಡೆಗೀಲು, ಕೀಲೆಣ್ಣೆಗಳನ್ನು ಕಂಡ ನಮ್ಮ ತಲೆಮಾರಿನವರಿಗೆ ಇದು ತೀರ ಹೊಸ ಸಂಗತಿಯೇನಲ್ಲ.

ಆದರೆ ಈ ಬೇರಿಂಗಿಗೆ ಒಂದು ಷರತ್ತುಂಟು. ಅದರ ಸಡಿಲವನ್ನು ಕೈಯಿಂದಲೇ ಹೊಂದಿಸಬೇಕು. ಜಾಕು ಕೊಟ್ಟು ಗಾಲಿಯನ್ನು ಎತ್ತಿ, ಬ್ರೇಕು ತಾಗದಂತೆ ನೋಡಿಕೊಂಡು, ಹೊರಗಿನ ಟೋಪಿಯನ್ನೂ ಎಳೆತದ ಫ್ಲ್ಯಾಂಜನ್ನೂ ಬಿಚ್ಚಿದರೆ ಒಳಗೆ ಎರಡು ನಟ್ಟುಗಳು, ನಡುವೆ ಮಡಚಿದ ಕಿವಿಯ ಒಂದು ವಾಷರು ಕಾಣುತ್ತವೆ. ಒಳಗಿನ ನಟ್ಟು ಹೊಂದಿಸಲಿಕ್ಕೆ, ಹೊರಗಿನದು ಅದನ್ನು ಕದಲದಂತೆ ಹಿಡಿಯಲಿಕ್ಕೆ. ಗಾಲಿಯನ್ನು ತಿರುಗಿಸುತ್ತಲೇ ಒಳಗಿನ ನಟ್ಟನ್ನು ಗಾಲಿ ಹಿಡಿಯುವವರೆಗೆ ಬಿಗಿದು, ಆಮೇಲೆ ಆರನೇ ಒಂದು ಸುತ್ತಿನಷ್ಟು, ಅಂದರೆ ಸುಮಾರು 60 ಡಿಗ್ರಿ, ಹಿಂದಕ್ಕೆ ಬಿಡಬೇಕು. ವಿಲ್ಲಿಸ್ ಜೀಪಿನ ಕ್ರಮ ಇದು. ಬೇರೆ ಗಾಡಿಗೆ ಅದರದೇ ಕೈಪಿಡಿಯ ಮಾತೇ ಪ್ರಮಾಣ. ಹೊರಗಿನ ನಟ್ಟನ್ನು ಬಿಗಿದಾಗ ಒಳಗಿನದು ಕೊಂಚ ಒತ್ತಿಕೊಳ್ಳುವುದರಿಂದ ಕೊನೆಯಲ್ಲಿ ಗಾಲಿಯನ್ನು ಇನ್ನೊಮ್ಮೆ ತಿರುಗಿಸಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಲೇಬೇಕು.

ಆ 60 ಡಿಗ್ರಿಯಲ್ಲಿಯೇ ನಾನು ಎಡವಿದ್ದು. ಹಲವು ವರ್ಷಗಳ ಹಿಂದೆ ಜಾತ್ರೆಗೆ ಹೊರಟಾಗ ಅಣ್ಣನ ಜೀಪಿನ ಮುಂದಿನ ಗಾಲಿ ಅಲುಗುತ್ತಿತ್ತು. ಹುನಗುಂದದಲ್ಲಿ ಮಿಸ್ತ್ರಿಯಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಒಯ್ದೆವು. ಅವನು ನಟ್ಟನ್ನು ಬಿಗಿದು ಹಿಂದಕ್ಕೆ ಬಿಡಲು ಪಾನಾ ಹಾಕಿದ. ನಾನು ತಡೆದೆ: "ಬಿಗಿ ಮಾಡಿದ್ದನ್ನ ಮತ್ತ ಯಾಕ ಬಿಡತೀಯೊ? ಮನಿ ಮಕ್ಕಳು ಕೂಡೋ ಗಾಡಿ ಐತಿ." ಅವನು, "ಗುರುಗಳ, ಭಾಳ ಬಿಗಿ ಆದ್ರ ಸುಡತೈತ್ರಿ" ಎಂದ. ನಾನು ತರಗತಿಯ ದನಿಯಲ್ಲಿ, "ಹೇಳಿದಷ್ಟು ಮಾಡು" ಎಂದೆ. ಅವನು ಮಾಡಿದ.

ಅಮೀನಗಡ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ಗ್ರೀಸಿನ ವಾಸನೆ, ಹಿಂದೆಯೇ ಹೊಗೆ. ಜೀಪಿನಲ್ಲಿ ವೃದ್ಧೆಯಾದ ನಮ್ಮ ಅವ್ವನೂ ಸೇರಿ ಹನ್ನೊಂದು ಜನ. ದೈವದಯೆಯಿಂದ ಗಾಲಿ ಪೂರ್ತಿ ಕಚ್ಚಿಕೊಳ್ಳುವ ಮೊದಲೇ ನಿಂತೆವು. ಸುದ್ದಿ ಮುಟ್ಟಿದೊಡನೆ ಹೊಸ ಬೇರಿಂಗು ಹಿಡಿದು ಮೋಟರ್ ಸೈಕಲ್ಲಿನ ಮೇಲೆ ಬಂದವನು ಅವನೇ. ಬಿಚ್ಚಿದಾಗ ರೋಲರುಗಳು ನೀಲಿಗಟ್ಟಿದ್ದವು. ಬಂಧುಗಳೆಲ್ಲ ಅವನ ಕೆಲಸವನ್ನು ಹಳಿದರು. ಅವನು ಮರುಮಾತನಾಡಲಿಲ್ಲ. ನಾನೂ ಮಾತನಾಡಲಿಲ್ಲ. ಬೇರಿಂಗಿನ ದುಡ್ಡನ್ನಷ್ಟೇ ತೆಗೆದುಕೊಂಡ, ಕೂಲಿ ಬೇಡವೆಂದ.

ಅಂದಿನ ತಪ್ಪು ಅವನದಲ್ಲ, ನನ್ನದು. ಅಂದು ಅಲ್ಲಿದ್ದ ಬಂಧುಗಳು ಇದನ್ನು ಓದುತ್ತೀರೆಂದೇ ಬರೆಯುತ್ತಿದ್ದೇನೆ.

ಗಾಲಿ ಸಡಿಲವಾದರೆ ಅಲುಗಿ, ಸ್ಟೇರಿಂಗಿನಲ್ಲಿ ತೋರಿ ಬಹಳ ಸಲ ಮೊದಲೇ ಸುಳಿವು ಕೊಡುತ್ತದೆ. ಅತಿಬಿಗಿ ಹಾಗಲ್ಲ. ಗಾಡಿ ನೆಟ್ಟಗೆ ಓಡುತ್ತಿರುವಾಗಲೇ ಒಳಗೆ ಗ್ರೀಸು ಕರಗಿ, ಲೋಹ ಲೋಹವನ್ನು ತಿನ್ನುತ್ತದೆ. ಇಳಕಲ್ಲಿನ ನೇಕಾರರನ್ನು ಕೇಳಿ: ಹಾಸಿನ ಎಳೆ ಜೋತರೆ ನೇಯ್ಗೆ ಕೆಡುತ್ತದೆ, ಮಿತಿಮೀರಿ ಎಳೆದರೆ ಎಳೆಯೇ ಹರಿಯುತ್ತದೆ. ನಡುವಿನ ಹದ ಕಸಬುದಾರನ ಕೈಗೆ ಗೊತ್ತು.

ಇಂದಿನ ಅನೇಕ ಹೊಸ ಗಾಡಿಗಳಲ್ಲಿ ಮುಚ್ಚಿದ ಬೇರಿಂಗು ಬರುತ್ತದೆ. ಹೊಂದಿಸುವ ಗೋಜಿಲ್ಲ, ಕೆಟ್ಟರೆ ಬದಲಾಯಿಸುವುದೇ. ಹಳೆಯ ಜೀಪು ಇಟ್ಟುಕೊಂಡವರು ಮಾತ್ರ ನಾಲ್ಕು ಮಾತು ನೆನಪಿಡಿ. ಗಾಲಿ ಅಲುಗಿದರೆ ಒಬ್ಬರು ಬ್ರೇಕು ತುಳಿದು ನೋಡಲಿ: ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು, ಉಳಿದರೆ ಕಿಂಗ್‌ಪಿನ್ನಿನ ಕಡೆಯದು. ಮಲಪ್ರಭೆಯ ನೀರಿನಲ್ಲಿ ಗುಂಬ ಮುಳುಗಿದ್ದರೆ ಗ್ರೀಸು ತೆಗೆಸಿ ನೋಡಿ. ಹೊಂದಿಸಿದ ಮೇಲೆ ಕೆಲವು ಮೈಲು ಓಡಿಸಿ, ಗುಂಬದ ಹತ್ತಿರ ಕೈ ಒಯ್ಯಿರಿ, ಬೆಚ್ಚಗಿರಬಹುದು, ಸುಡಕೂಡದು. ಕೊನೆಯದು, ಮಿಸ್ತ್ರಿ ನಟ್ಟನ್ನು ಹಿಂದಕ್ಕೆ ಬಿಡುವಾಗ ಅವನ ಕೈ ಹಿಡಿಯಬೇಡಿ. ಅವನು ನಿಮ್ಮ ವಿದ್ಯಾರ್ಥಿಯೇ ಆಗಿದ್ದರೂ ಸರಿ.