ಗಣಿ ಮುಚ್ಚಿತು, ಲಕ್ಯಾದ ಕಟ್ಟೆ ಉಳಿದಿದೆ



ಸಂಘದ ಕೂಟವೊಂದರಲ್ಲಿ ಹಿರಿಯರೊಬ್ಬರು ಲಕ್ಯಾ ಅಣೆಕಟ್ಟಿನ ಚಿತ್ರ ತೋರಿಸಿ, "ಎಷ್ಟು ಚೆಂದದ ಕೆರೆ ನೋಡಿ ಡಾಕ್ಟ್ರೇ" ಎಂದರು. ಚೆಂದವೇನೋ ಹೌದು, ಕೆರೆಯಲ್ಲ. ಕುದುರೆಮುಖದ ಕಬ್ಬಿಣದ ಅದಿರನ್ನು ಪುಡಿಮಾಡಿ ತೊಳೆದ ಮೇಲೆ ಉಳಿದ ನುಣ್ಣನೆಯ ಕೆಸರನ್ನು ತಡೆದು ನಿಲ್ಲಿಸಿರುವ, ಸುಮಾರು 100 ಮೀಟರ್ ಎತ್ತರದ ಮಣ್ಣಿನ ಕಟ್ಟೆ ಅದು.

ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಪರಿಸರಪ್ರೇಮಿಗಳು ಗೆದ್ದೆವೆಂದರು; ನೌಕರರು ಗಂಟುಮೂಟೆ ಕಟ್ಟಿದರು; ಪ್ರಕರಣ ಮುಗಿಯಿತೆಂದು ನಾವೆಲ್ಲ ಭಾವಿಸಿದೆವು. ಆ ಭಾವನೆಯೇ ತಪ್ಪು. ಗಣಿ ನಿಂತರೂ ಮಳೆ ನಿಲ್ಲಲಿಲ್ಲ. ನಮ್ಮ ಬಹರೈನಿನಲ್ಲಿ ಸರಾಸರಿ ವಾರ್ಷಿಕ ಮಳೆ 100 ಮಿಲಿಮೀಟರನ್ನು ಮುಟ್ಟುವುದಿಲ್ಲ; ಕುದುರೆಮುಖದಲ್ಲಿ ಅದು 6,000ವನ್ನೂ ಮೀರುತ್ತದೆ. ಆ ನೀರು ಕೋಡಿಯಿಂದ ಸರಾಗವಾಗಿ ಹೊರಹೋಗಬೇಕು; ಕಟ್ಟೆಯೊಳಗೆ ಜಿನುಗಿದ್ದು ಬಸಿದುಹೋಗಬೇಕು. ಕೋಡಿ ಮುಚ್ಚಿಕೊಂಡರೆ ನೀರು ಕಟ್ಟೆಯ ನೆತ್ತಿಯ ಮೇಲೆ ಹರಿದು ಮಣ್ಣನ್ನು ಕೊರೆಯುತ್ತದೆ. ಬಸಿಯುವ ದಾರಿ ಮುಚ್ಚಿಕೊಂಡರೆ ಒಡಲು ಒಳಗಿಂದಲೇ ಮೆತ್ತಗಾಗುತ್ತದೆ. ಇದು ಚಿತ್ರದಲ್ಲಿ ಕಾಣದು. ರಕ್ತದೊತ್ತಡದಂತೆ, ಅಳೆದರೆ ಮಾತ್ರ ತಿಳಿಯುತ್ತದೆ.

"ಇಷ್ಟು ವರ್ಷ ನಿಂತಿಲ್ಲವೇ?" ಎನ್ನುವವರಿದ್ದಾರೆ. (ಧೂಮಪಾನಿಗಳೂ ನನ್ನೆದುರು ಇದೇ ವಾದ ಹೂಡುತ್ತಾರೆ.) ಬ್ರೆಜಿಲಿನ ಬ್ರುಮಾಡಿನ್ಯೊದ ಕಟ್ಟೆಗೆ 2016ರ ನಂತರ ಕೆಸರು ತುಂಬಿರಲಿಲ್ಲ, ಅದು ಸುಭದ್ರವೆಂಬ ಪ್ರಮಾಣಪತ್ರವೂ ಇತ್ತು. 2019ರ ಜನವರಿ 25ರಂದು ಅದು ಒಡೆದು 270 ಮಂದಿ ಮಡಿದರು. ಆ ಕಟ್ಟೆಯನ್ನು ಕೆಸರಿನ ಮೇಲೆಯೇ ಹಂತಹಂತವಾಗಿ ಎತ್ತರಿಸಲಾಗಿತ್ತು. ಲಕ್ಯಾವನ್ನು ಅದಕ್ಕೆ ಸಮೀಕರಿಸುವುದು ನ್ಯಾಯವಲ್ಲ. ಆದರೆ ಪ್ರಮಾಣಪತ್ರವನ್ನು ಕಡತದಲ್ಲಿಟ್ಟು ನೆಮ್ಮದಿಯಿಂದಿರುವ ಅಭ್ಯಾಸಕ್ಕೆ ದೇಶಭೇದವಿಲ್ಲ. ಆ ದುರಂತದ ಬಳಿಕ 2020ರಲ್ಲಿ ಪ್ರಕಟವಾದ ಜಾಗತಿಕ ಮಾನದಂಡವು ಮುಚ್ಚಿದ ಗಣಿಗಳ ಕಟ್ಟೆಗಳನ್ನೂ ಒಳಗೊಂಡಿದೆ, ಮಾಹಿತಿ ಸಾರ್ವಜನಿಕವಾಗಿರಬೇಕೆನ್ನುತ್ತದೆ.

ಲಕ್ಯಾ ಹೊಳೆ ಸೇರುವುದು ಭದ್ರೆಯನ್ನು. ರಜೆಗೆ ಊರಿಗೆ ಹೋದಾಗ ನಾವು ಮಕ್ಕಳೊಡನೆ ದರ್ಶನಕ್ಕೆ ಹೋಗುವ ಕಳಸ, ಹೊರನಾಡುಗಳು ಅದೇ ನದಿಯ ಸೀಮೆಯವು. ಈ ಮುಂಗಾರಿನಲ್ಲಿ ಕಟ್ಟೆಯೊಡಲಿನ ನೀರಿನ ಮಟ್ಟ ಎಷ್ಟಿತ್ತು? ಕೋಡಿಯನ್ನು ಕೊನೆಯ ಬಾರಿ ಪರೀಕ್ಷಿಸಿದವರು ಯಾರು? ನಡುರಾತ್ರಿ ಅಪಾಯ ಬಂದರೆ ಕೆಳಗಿನ ಊರುಗಳಿಗೆ ಯಾರು, ಎಷ್ಟು ನಿಮಿಷದೊಳಗೆ ತಿಳಿಸುತ್ತಾರೆ? ಇವುಗಳ ಉತ್ತರ ಪ್ರತಿವರ್ಷವೂ ಕನ್ನಡದಲ್ಲಿ, ಆ ಊರುಗಳ ಪಂಚಾಯಿತಿಯ ಗೋಡೆಯ ಮೇಲಿರಬೇಕು.

ಕುದುರೆಮುಖದ ಕಂಪನಿ ಕೇಂದ್ರ ಸರ್ಕಾರದ ಉದ್ಯಮ. ಭಾರತದ ನಾಗರಿಕತ್ವ ಉಳಿಸಿಕೊಂಡಿರುವ ನಾವು ಇಲ್ಲಿಂದಲೇ ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಸಬಹುದು. ಕರಡನ್ನು ಸಿದ್ಧಪಡಿಸಿದ್ದೇನೆ, ತಮ್ಮ ಹೆಸರಿನಲ್ಲೂ ಅರ್ಜಿ ಹಾಕಲಿಚ್ಛಿಸುವವರು ಮುಂದಿನ ಶುಕ್ರವಾರ ಸಂಜೆ ಸಂಘದಲ್ಲಿ ನನ್ನನ್ನು ಕಾಣಬೇಕಾಗಿ ವಿನಂತಿ.