ಕಾಳಿನ ಲೆಕ್ಕ, ಹುಲ್ಲಿನ ಲೆಕ್ಕ

ಮಳೆ ವಾಡಿಕೆಯಷ್ಟೇ ಆಗಿದೆ ಎಂದು ವರದಿ ಬಂದ ವರ್ಷವೂ ಬಯಲುಸೀಮೆಯ ರಾಗಿ ಹೊಲ ಕೈಕೊಡಬಹುದು. ಬಿತ್ತನೆಗೆ ಹದ, ತೆನೆ ಕಟ್ಟುವಾಗ ಒಂದೆರಡು ಮಳೆ, ಕೊಯ್ಲಿಗೆ ಬಿಸಿಲು: ರಾಗಿ ಕೇಳುವುದು ಇಷ್ಟನ್ನೇ, ಆದರೆ ಹೊತ್ತಿಗೆ ಸರಿಯಾಗಿ. 2021ರ ನವೆಂಬರಿನಲ್ಲಿ ಕೋಲಾರ, ತುಮಕೂರು ಕಡೆ ಮಳೆ ಬಿಡದೆ ಹಿಡಿದು, ನೆಲಕ್ಕೊರಗಿದ ತೆನೆಯಲ್ಲೇ ಕಾಳು ಮೊಳೆಯಿತು. 2023ರ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ್ದೂ ಅದೇ 2023ನ್ನು! ಈ ಎರಡು ವರ್ಷಗಳ ಸರಾಸರಿ ತೆಗೆದರೆ ಮಳೆಯ ಲೆಕ್ಕ ಸರಿಹೋದೀತು, ಕಣದ ಲೆಕ್ಕ ಹೋಗದು.

ಇದಕ್ಕೆ ಸಿಗುವ ಸಿದ್ಧ ಸಲಹೆ ಅಲ್ಪಾವಧಿ ತಳಿ. ಮುಂಗಾರು ತಡವಾದರೆ ನಾಲ್ಕು ತಿಂಗಳ ಎಂಆರ್-6 ಬಿಟ್ಟು, ನೂರು ದಿನದ ಆಸುಪಾಸಿನಲ್ಲಿ ಕೊಯ್ಲಿಗೆ ಬರುವ ಜಿಪಿಯು-48 ಬಿತ್ತಿ ಎನ್ನುತ್ತಾರೆ. ಸಲಹೆ ತಪ್ಪಲ್ಲ, ಅದರ ಕಣ್ಣು ಕಾಳಿನ ಮೇಲಷ್ಟೇ. ಬೇಗ ಬರುವ ಪೈರಿನಲ್ಲಿ ಹುಲ್ಲು ಕಡಿಮೆ. ಎರಡೆಕರೆ ಖುಷ್ಕಿಯ ಮನೆಯಲ್ಲಿ ರಾಗಿ ಊಟಕ್ಕಾದರೆ, ಕೈಗೆ ಕಾಸು ಬರುವುದು ಡೈರಿಗೆ ಹಾಕುವ ಹಾಲಿನಿಂದ. ಮೆದೆ ಸಣ್ಣದಾದರೆ ಬೇಸಿಗೆಗೆ ಹುಲ್ಲು ಕೊಳ್ಳಬೇಕು, ಇಲ್ಲವೇ ಹಸು ಮಾರಬೇಕು. ಬರದ ವರ್ಷ ಸಂತೆಯಲ್ಲಿ ಮಾರುವವರೇ ಎಲ್ಲ. ಮುಂದಿನ ವರ್ಷ ಒಳ್ಳೆಯ ಮಳೆಯಾದರೂ ಕೊಟ್ಟ ಬೆಲೆಗೆ ಹಸು ಮತ್ತೆ ಸಿಗುವುದಿಲ್ಲ.

ಬೆಳೆ ವಿಮೆಗೂ ಇದೇ ಅರೆಗಣ್ಣು. ಮುಂಗಾರು ಧಾನ್ಯಕ್ಕೆ ರೈತ ಕಟ್ಟುವ ಕಂತು ಶೇ 2ರಷ್ಟು, ಅಗ್ಗವೇ. ಆದರೆ ಇಳುವರಿಯ ನಷ್ಟವನ್ನು ಮುಖ್ಯವಾಗಿ ಅಳೆಯುವುದು ಪಂಚಾಯಿತಿ ಅಥವಾ ಹೋಬಳಿಯ ಸರಾಸರಿಯಲ್ಲಿ. ಹುಲ್ಲು ಅದರಲ್ಲಿ ಬರುವುದೇ ಇಲ್ಲ. ಇನ್ನು ಬರ ಪರಿಹಾರ: 2023ರದ್ದಕ್ಕೆ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು, ಕೇಂದ್ರದ ಹಣ ಬಂದದ್ದು 2024ರ ಏಪ್ರಿಲ್ ಕೊನೆಗೆ.

ಹಳಬರ ಅಕ್ಕಡಿ ಸಾಲಿನಲ್ಲಿ ಈ ಎಲ್ಲ ಲೆಕ್ಕವೂ ಇತ್ತು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಸೋತರೂ ಅವರೆ ಇಬ್ಬನಿಗೇ ಕಾಯಿ ಕಚ್ಚುತ್ತಿತ್ತು. ಪೇಟೆಯಲ್ಲಿ ಕೂತು ಅದನ್ನು ಹೊಗಳುವುದು ಸುಲಭ. ಕಳೆ ಕೀಳಲು ಆಳು ಸಿಗದ ಊರಿನಲ್ಲಿ ಕಳೆನಾಶಕವೇ ಗತಿ, ಅದು ರಾಗಿಯನ್ನು ಉಳಿಸಿ ಅವರೆಯನ್ನು ಸುಡುತ್ತದೆ. ಅಕ್ಕಡಿ ಮರೆಯಾದದ್ದು ರೈತನ ಅಜ್ಞಾನದಿಂದಲ್ಲ, ಕೂಲಿಯ ಖರ್ಚಿನಿಂದ. ಹಾಗಿದ್ದ ಮೇಲೆ, ಕೆರೆಯ ಹೂಳೆತ್ತಲು ಕೂಲಿ ಕೊಡುವ ಸರ್ಕಾರ ಸಣ್ಣ ಹಿಡುವಳಿಯ ಅಕ್ಕಡಿ ಹೊಲದ ಕಳೆಗೂ ಏಕೆ ಕೊಡಬಾರದು? ಮೊದಲ ಎರಡು ಸಲದ ಕಳೆಗೆ ಕೊಟ್ಟರೂ ಸಾಕು, ಆಮೇಲೆ ಪೈರೇ ನೆಲ ಮುಚ್ಚುತ್ತದೆ.